ಮೈಕು ಪಡಸಾಲೆಯಲ್ಲಿ, ಮಾತು ಅಂಗಳದಲ್ಲಿ

ನಮ್ಮ ಕಡೆ ಕತೆ ಹೇಳುವವರು ಕತೆಗೆ ಮೊದಲು ಒಂದು ಕರಾರು ಹಾಕುತ್ತಾರೆ: 'ಹೂಂಗುಟ್ಬೇಕು ಮತ್ತೆ. ಹೂಂ ಅನ್ನೋರಿಲ್ದಿದ್ರೆ ಕತೆ ಮುಂದುಕ್ಕೋಗಕಿಲ್ಲ.' ದೇವರಾಯನದುರ್ಗದ ಬುಡದ ಹಳ್ಳಿಗಳಲ್ಲಿ, ರಾಗಿ ಒಕ್ಕಣೆ ಮುಗಿದ ಮೇಲಿನ ರಾತ್ರಿಗಳಲ್ಲಿ ಕತೆ ಕೇಳಿ ಬೆಳೆದವರಿಗೆಲ್ಲ ಇದು ಗೊತ್ತು. ಹೂಂ ಅನ್ನುವವನು ನಿದ್ದೆ ಹೋದರೆ ಕತೆ ನಿಲ್ಲುತ್ತದೆ. ನಕ್ಕರೆ ಕತೆ ಅಲ್ಲೇ ಸ್ವಲ್ಪ ಹೊತ್ತು ತಂಗುತ್ತದೆ. 'ಅದೆಂಗಾಯ್ತದೆ?' ಅಂತ ಅಡ್ಡ ಕೇಳಿದರೆ ಹೇಳುವಾಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಅಂದರೆ ರಾಜ, ರಾಣಿ, ರಾಕ್ಷಸ ಬಾಯಿ ಬಿಡುವ ಮೊದಲೇ ಆ ಕತೆಯಲ್ಲಿ ಇಬ್ಬರ ಸಂಭಾಷಣೆ ನಡೆದಿರುತ್ತದೆ.

ರೇಡಿಯೋ ಈ ಹೂಂ ಅನ್ನು ಕತ್ತರಿಸಿತು. ಕತ್ತರಿಸಿದ ಜಾಗದಲ್ಲಿ ಏನನ್ನು ತಂದು ಕೂರಿಸಿತು, ಮಾತುಗಳನ್ನು ಯಾವ ಸಾಲಿನಲ್ಲಿ ನಿಲ್ಲಿಸಿತು, ಯಾರನ್ನು ಹತ್ತಿರ ಕರೆದು ಯಾರನ್ನು ದೂರ ಇಟ್ಟಿತು ಎಂಬುದನ್ನು ಇಲ್ಲಿ ಸ್ವಲ್ಪ ಕೆದಕಿ ನೋಡಬೇಕೆಂದಿದ್ದೇವೆ.

ಇದನ್ನು ಈಗ ಎತ್ತಲು ಕಾರಣವಿದೆ. ಗುಬ್ಬಿ, ಕುಣಿಗಲ್ ಕಡೆಯ ಕೆಲವು ಮೇಷ್ಟ್ರುಗಳು, ತುಮಕೂರಿನಲ್ಲಿ ಓದುತ್ತಿರುವ ಕೆಲವು ಹುಡುಗರು ಬಾನುಲಿಗೆಂದು ಕತೆ ಬರೆದು ನಮಗೆ ತೋರಿಸಿದರು. ಕೂಲಿ ಕೊಡದ ಯಜಮಾನ, ನೀರು ಕೊಡದ ಕೇರಿ, ಗುಡಿಯ ಬಾಗಿಲು: ಎಲ್ಲ ನಮ್ಮವೇ ಸಂಗತಿಗಳು. ಬರೆದವರೂ ನಮ್ಮವರೇ, ಹೋರಾಟದಲ್ಲಿ ಪೆಟ್ಟು ತಿಂದವರೇ. ಆದರೆ ಆ ಹಸ್ತಪ್ರತಿಗಳನ್ನು ಜೋರಾಗಿ ಓದಿ ನೋಡಿದಾಗ ನಮಗೆ ಗಾಬರಿಯಾಯಿತು. ಕತೆ ದಲಿತನ ಪರವಾಗಿದೆ, ಮಾತಿನ ಜೋಡಣೆ ಮಾತ್ರ ಯಜಮಾನನ ಪರವಾಗಿದೆ! ಇದು ಆ ಗೆಳೆಯರ ತಪ್ಪು ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಾವೆಲ್ಲ ಹಾಗೇ ಕೇಳಿಕೊಂಡು ಬಂದವರು.

ಕೇಳಿಕೊಂಡು ಬಂದದ್ದು ಎಲ್ಲಿಂದ? ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಅಲ್ಲಿಂದ. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಬಂದವು. ನಮ್ಮ ದುರ್ಗದ ಸೀಮೆಗೆ ಕೇಳುತ್ತಿದ್ದದ್ದು ಬೆಂಗಳೂರು. ಹಳ್ಳಿಗೆ ಒಂದು ಪಂಚಾಯ್ತಿ ರೇಡಿಯೋ ಬಂತು. ಅದು ಕೂತದ್ದು ಚಾವಡಿಯಲ್ಲಿ. ಚಾವಡಿ ಇರುವುದು ಊರಿನೊಳಗೆ. ಎ.ಕೆ. ಕಾಲೋನಿಯವರು ಸಂಜೆ ಬಂದು ಚಾವಡಿಯ ಈಚೆ, ಮರದ ಕೆಳಗೆ ನಿಂತು ಕೇಳಬೇಕಿತ್ತು. ದನಿಗೆ ಮೈಲಿಗೆ ಅಂಟುವುದಿಲ್ಲವಲ್ಲ, ಅದು ಮರದವರೆಗೂ ಬರುತ್ತಿತ್ತು. ಜಗಲಿ ಮಾತ್ರ ಬರುತ್ತಿರಲಿಲ್ಲ. ಈ ನಿಂತ ಜಾಗವನ್ನು ಓದುಗ ಗೆಳೆಯರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಜಾಗ ರೇಡಿಯೋ ಪೆಟ್ಟಿಗೆಯ ಒಳಗೂ ಸಿಗುತ್ತದೆ.

ಸರ್ಕಾರದವರಿಗೂ ಹೂಂ ಬೇಕು ಅನ್ನಿಸಿದ ಒಂದು ಗಳಿಗೆ ಇತ್ತು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಸೀಮೆಯ 150 ಹಳ್ಳಿಗಳಲ್ಲಿ ರೇಡಿಯೋ ಗ್ರಾಮ ವೇದಿಕೆಗಳೆಂಬ ಪ್ರಯೋಗ ನಡೆಯಿತು. ಹಳ್ಳಿಯವರು ಗುಂಪಾಗಿ ಕೂತು ಕೇಳುವುದು, ಚರ್ಚೆ ಮಾಡುವುದು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ವಾಪಸ್ಸು ಕಳಿಸುವುದು. 1959ರಿಂದ ಅದನ್ನು ದೇಶದ ಬೇರೆ ಕಡೆಗೂ ಹಬ್ಬಿಸಿದರು. ಆಲೋಚನೆ ಒಳ್ಳೆಯದೇ. ಆದರೆ ಗುಂಪು ಕೂರುವುದು ಚಾವಡಿಯಲ್ಲೇ ಆದರೆ ಹೂಂ ಅನ್ನುವವರು ಯಾರೆಂದು ಬೇರೆ ಹೇಳಬೇಕೇ?

ಇರಲಿ, ಮಾತಿನ ಕಸುಬಿಗೆ ಬರೋಣ.

ಪುಸ್ತಕದಲ್ಲಿ ಕತೆ ಬರೆಯುವವನಿಗೆ ಸಾಲು ಬದಲಾಯಿಸುವ ಅನುಕೂಲ ಇದೆ, ಉದ್ಧರಣ ಚಿಹ್ನೆ ಇದೆ. ರಂಗದ ಮೇಲೆ ಮುಖ ಇದೆ, ಬಟ್ಟೆ ಇದೆ, ನಿಲ್ಲುವ ಭಂಗಿ ಇದೆ. ರೇಡಿಯೋದಲ್ಲಿ ಇವು ಯಾವುವೂ ಇಲ್ಲ. ಅದರ ಮೇಲೆ ಕನ್ನಡದ ವಾಕ್ಯದಲ್ಲಿ ಮಾತು ಮೊದಲು, 'ಅಂದ' ಆಮೇಲೆ. 'ನಾಳೆ ಬಾ ಹೋಗು' ಎಂಬ ಮಾತು ಕಿವಿಗೆ ಬಿದ್ದು ಮುಗಿದ ಮೇಲಷ್ಟೇ ಅಂದದ್ದು ಯಾರು ಎಂದು ತಿಳಿಯುತ್ತದೆ. ಓದುವ ಕಣ್ಣು ಹಿಂದಕ್ಕೆ ಹೋಗಿ ಬರಬಹುದು, ಕಿವಿಗೆ ಆ ಸೌಕರ್ಯ ಇಲ್ಲ.

ನಮ್ಮ ಕತೆಗಾರ್ತಿಯರು ಈ ಗಂಟನ್ನು ರೇಡಿಯೋ ಹುಟ್ಟುವ ಎಷ್ಟೋ ಮೊದಲೇ ಬಿಚ್ಚಿದ್ದಾರೆ. ಅವರು ಹೇಳುವ ಕ್ರಮ ಹೀಗೆ: 'ಆಗ ಅವ್ಳು ಏನಂದ್ಳು? ನಾ ಬರಾಕಿಲ್ಲ ಕಣಪ್ಪಾ ಅಂದ್ಳು. ಅದುಕ್ಕೆ ಇವ್ನು ಏನಂದ?' ಮೊದಲು ಯಾರು ಎಂಬುದು, ಆಮೇಲೆ ಒಂದು ಪ್ರಶ್ನೆ, ಆ ಪ್ರಶ್ನೆಯ ಬಿಡುವಿನಲ್ಲಿ ಕೇಳುವವನ ಹೂಂ, ಆಮೇಲೆ ಮಾತು, ಮತ್ತೆ 'ಅಂದ್ಳು'. ಒಂದೇ ಬಾಯಿ ಹತ್ತು ಜನರನ್ನು ಆಡಿಸಿದರೂ ಯಾರದು ಯಾವ ಮಾತು ಎಂಬ ಗೊಂದಲ ಹುಟ್ಟುವುದಿಲ್ಲ. ಶಿರಾ, ಹಿರಿಯೂರು ಕಡೆಯ ಕಾಡುಗೊಲ್ಲರು ಜುಂಜಪ್ಪನ ಕತೆ ಹಾಡುವಾಗ ನಡುನಡುವೆ ಗಣೆ ಊದುತ್ತಾರಲ್ಲ, ಆ ಬಿಡುವಿನಲ್ಲಿ ಹಿಂದಿನ ಮಾತು ಕೇಳುವವರ ಒಳಗೆ ಇಳಿಯುತ್ತದೆ. ಮೈಸೂರು ಸೀಮೆಯ ನೀಲಗಾರರಲ್ಲಿ ತಂಬೂರಿ ಹಿಡಿದವರ ಮಾತಿಗೆ ಹಿಮ್ಮೇಳದವರು ಒತ್ತು ಕೊಡುತ್ತ ಹೋಗುತ್ತಾರೆ. ಇದೆಲ್ಲ ಕಿವಿಗಾಗಿಯೇ ಕಟ್ಟಿದ ವ್ಯವಸ್ಥೆ. ಬಾನುಲಿಗೆ ಕತೆ ಬರೆಯುವವರು ಇಲ್ಲಿಂದ ಕಲಿಯಬಹುದಿತ್ತು. ಕಲಿತದ್ದು ಮಾತ್ರ ಕಂಪನಿ ನಾಟಕದಿಂದ ಮತ್ತು ಪಠ್ಯಪುಸ್ತಕದಿಂದ.

ಅಲ್ಲಿ ಬಂದ ಉಪಾಯ ಎರಡು. ಒಂದು, ನಿರೂಪಕ. ಗ್ರಂಥದ ಕನ್ನಡದಲ್ಲಿ ಮಾತಾಡುವ, ಊರಿಲ್ಲದ, ಜಾತಿಯಿಲ್ಲದಂತೆ ಕೇಳಿಸುವ ಗಂಭೀರ ದನಿ. ಎಲ್ಲವೂ ಅವನಿಗೆ ಗೊತ್ತು. ಪಾತ್ರಗಳು ಅಳುತ್ತವೆ, ನಗುತ್ತವೆ. ಅಳು ಯಾಕೆ, ನಗು ಯಾಕೆ ಎಂದು ಅವನು ವಿವರಿಸುತ್ತಾನೆ. ಅವನು ಒಮ್ಮೆಯೂ 'ಐತೆ' ಅನ್ನುವುದಿಲ್ಲ. 'ಐತೆ' ಅನ್ನುವುದು ಪಾತ್ರಗಳ ಪಾಲಿಗೆ ಬಿಟ್ಟದ್ದು, ಅದರಲ್ಲೂ ನಗಿಸುವ ಪಾತ್ರಗಳಿಗೆ. ಹಾಲನ್ನು 'ಆಲು' ಅಂದರೆ ಸಾಕು, ಅದು ಹಳ್ಳಿಯವನು ಎಂದಾಯಿತು, ನಗಬಹುದು ಎಂದೂ ಆಯಿತು. 'ಆಕಾಶವಾಣಿ ಈರಣ್ಣ' ಎಂದೇ ಹೆಸರಾದ ಎ.ಎಸ್. ಮೂರ್ತಿಯವರಂಥ ಕಲಾವಿದರು ಹಳ್ಳಿಯವನ ದನಿಗೆ ಮನೆಮನೆಯಲ್ಲೂ ಒಂದು ಪ್ರೀತಿ ಗಳಿಸಿಕೊಟ್ಟರು, ಬೀದಿ ನಾಟಕಕ್ಕೂ ಇಳಿದರು. ಅದನ್ನು ಮರೆಯುವ ಕೃತಘ್ನರು ನಾವಲ್ಲ. ಆದರೆ ಆ ದಾರಿಯ ನಕಲು ಮಾಡಿದವರ ಕೈಯಲ್ಲಿ ಉಳಿದದ್ದು ಉಚ್ಚಾರಣೆಯ ಅಣಕ ಮಾತ್ರ.

ಎರಡನೆಯ ಉಪಾಯ ಸಂಬೋಧನೆ. ಮುಖ ಕಾಣದ ಕಡೆ ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ತಿಳಿಸಲು ಬರಹಗಾರ ಪ್ರತಿ ಮಾತಿಗೂ ಒಂದು ಕರೆ ಅಂಟಿಸುತ್ತಾನೆ. 'ಏನಮ್ಮಾ', 'ಬನ್ನಿ ಶಾನುಭೋಗರೇ', 'ಲೋ', 'ಬುದ್ದೀ', 'ಸ್ವಾಮ್ಯೋರೆ'. ಇಂಗ್ಲಿಷಿನಲ್ಲಾದರೆ ಹೆಸರು ಹಿಡಿದು ಕರೆದರೆ ಮುಗಿಯಿತು. ನಮ್ಮ ಹಳ್ಳಿಯಲ್ಲಿ ಹಾಗಲ್ಲ. 'ಬಾ' ಯಾರಿಗೆ, 'ಬನ್ನಿ' ಯಾರಿಗೆ, 'ಬಾರ್ಲಾ' ಯಾರಿಗೆ ಎಂಬುದು ಹುಟ್ಟಿದ ಕೇರಿಯಲ್ಲೇ ತೀರ್ಮಾನವಾಗಿರುತ್ತದೆ. ಅರವತ್ತು ವರ್ಷದ ಅಜ್ಜನಿಗೆ ಹತ್ತು ವರ್ಷದ ಹುಡುಗ 'ಲೋ' ಅನ್ನುವುದನ್ನು ನಾವು ಕೇಳಿದ್ದೇವೆ. ಹೀಗಾಗಿ ರೇಡಿಯೋದಲ್ಲಿ ಮುಖಕ್ಕೆ ಬದಲು ನಿಂತದ್ದು ಜಾತಿ. ಪಾತ್ರದ ಪರಿಚಯಕ್ಕೆಂದು ಮೂವತ್ತು ನಿಮಿಷದ ಕತೆಯಲ್ಲಿ ನಲವತ್ತು ಸಲ 'ಬುದ್ದೀ' ಅನ್ನಿಸಿದರೆ, ಬರಹಗಾರನ ಮನಸ್ಸಿನಲ್ಲಿ ಏನೇ ಕ್ರಾಂತಿ ಇರಲಿ, ಕೇಳುವವನ ಕಿವಿಯಲ್ಲಿ ಉಳಿಯುವುದು ಆ ನಲವತ್ತು ಬುದ್ದಿಗಳೇ.

ಇವೆರಡಕ್ಕಿಂತ ಒಳಗಿನದು ಇನ್ನೊಂದಿದೆ. ಅದು ಮೈಕು. ಬಾನುಲಿ ನಾಟಕದಲ್ಲಿ ದೂರ ಹತ್ತಿರ ಎಂಬುದನ್ನು ತೋರಿಸಲು ಇರುವ ದಾರಿ ಒಂದೇ: ನಟ ಮೈಕಿನಿಂದ ಎಷ್ಟು ದೂರ ನಿಲ್ಲುತ್ತಾನೆ ಎನ್ನುವುದು. ಮೈಕಿಗೆ ಹತ್ತಿರದವನು ಕೇಳುಗನಿಗೆ ಹತ್ತಿರದವನು. ಮೈಕು ಎಲ್ಲಿದೆಯೋ ಕೇಳುಗ ಅಲ್ಲಿ ಕೂತಿರುತ್ತಾನೆ. ಈಗ ನಮಗೆ ಬಂದ ಹಸ್ತಪ್ರತಿಗಳ ಮಾದರಿಯಲ್ಲಿ ನಾವೇ ಒಂದು ತುಣುಕು ಬರೆದು ತೋರಿಸುತ್ತೇವೆ.

ಯಜಮಾನ (ಹತ್ತಿರದಿಂದ): ಯಾರ್ಲಾ ಅದು?
ಆಳು (ದೂರದಿಂದ): ನಾನ್ ಬುದ್ದೀ.
ಯಜಮಾನ: ನಾನು ಅಂದ್ರೆ ಯಾವನ್ಲಾ? ನಿಂಗೆ ಹೆಸ್ರಿಲ್ವಾ?
ಆಳು (ದೂರದಿಂದ): ನಾನೇ ಬುದ್ದೀ, ಕಾಲೋನಿಯೋನು. ಕೂಲಿ ಕಾಸು...
ನಿರೂಪಕ: ಬಡತನದ ಬೇಗೆಯಲ್ಲಿ ಬೆಂದ ಆ ಜೀವ ದೈನ್ಯದಿಂದ ಕೈಮುಗಿದು ನಿಂತಿತ್ತು.

ನೋಡಿ, ಕೇಳುಗ ಎಲ್ಲಿ ಕೂತಿದ್ದಾನೆ? ಪಡಸಾಲೆಯಲ್ಲಿ, ಯಜಮಾನನ ಪಕ್ಕದ ಚಾಪೆಯ ಮೇಲೆ. ಎಲೆ ಅಡಿಕೆ ಹಾಕಿಕೊಳ್ಳುವ ಸದ್ದೂ ಅವನಿಗೆ ಕೇಳುತ್ತದೆ. ಕೂಲಿಯವನು ಅಂಗಳದಾಚೆಯ ಒಂದು ಸಣ್ಣ ದನಿ. ಬರೆದವನು ಯಜಮಾನನನ್ನು ಬೈಯಲೆಂದೇ ಇದನ್ನು ಬರೆದಿದ್ದಾನೆ, ಸಂದೇಹವಿಲ್ಲ. ಆದರೆ ಅಸ್ಪೃಶ್ಯತೆಯ ದೂರವನ್ನು ಅಳತೆ ತಪ್ಪದೆ ಮೈಕಿನ ದೂರವಾಗಿ ನಡೆಸಿಕೊಟ್ಟಿದ್ದಾನೆ. ಮರದ ಕೆಳಗೆ ನಿಂತು ಕೇಳುತ್ತಿರುವ ಕಾಲೋನಿಯವನು ಪೆಟ್ಟಿಗೆಯ ಒಳಗೂ ತನ್ನನ್ನು ಮರದ ಕೆಳಗೇ ಕಾಣುತ್ತಾನೆ. ನಿರೂಪಕ ಸುರಿಸಿದ ಕನಿಕರ ಯಜಮಾನನ ಪಕ್ಕ ಕೂತವನ ಕನಿಕರ.

ಇದೇ ತುಣುಕನ್ನು, ಮಾತುಗಳನ್ನು ಹೆಚ್ಚು ಬದಲಾಯಿಸದೆ, ಮೈಕನ್ನು ಮಾತ್ರ ಎತ್ತಿ ಅಂಗಳದಲ್ಲಿಟ್ಟು ನೋಡೋಣ.

(ಕೋಳಿಗಳ ಸದ್ದು, ಹತ್ತಿರ.)
ಹೆಂಡ್ತಿ (ಪಿಸುಮಾತು, ಮೈಕಿಗೆ ತೀರಾ ಹತ್ತಿರ): ಕೇಳು ಮತ್ತೆ. ಮೂರು ವಾರ ಆಯ್ತು.
ಆಳು (ಪಿಸುಮಾತು): ಕೇಳ್ತೀನಿ ತಡಿ, ಉಣ್ತಾವ್ನೆ. (ದನಿ ಎತ್ತಿ) ಬುದ್ದೀ...
ಯಜಮಾನ (ದೂರ, ಒಳಗಿನಿಂದ, ತಟ್ಟೆಯ ಸದ್ದಿನ ನಡುವೆ): ಯಾರ್ಲಾ ಅದು?
ಆಳು: ನಾನ್ ಬುದ್ದೀ.
ಹೆಂಡ್ತಿ (ಪಿಸುಮಾತು): ಹೆಸ್ರು ಹೇಳು. ನಿಂಗೆ ಹೆಸ್ರಿಲ್ವಾ?

ಯಜಮಾನ ಈಗ ಗೋಡೆಯಾಚೆಯ ಒಂದು ದನಿ. ಉಣ್ಣುವ ತಟ್ಟೆ ದೂರದಲ್ಲಿದೆ, ಹಸಿವು ಹತ್ತಿರದಲ್ಲಿದೆ. 'ಬುದ್ದೀ' ಹಾಗೇ ಇದೆ, ತೆಗೆದಿಲ್ಲ. ಆದರೆ ಅದರ ಹಿಂದಿನ ಪಿಸುಮಾತನ್ನು ಕೇಳಿದವನಿಗೆ ಆ ಬುದ್ದಿ ಒಂದು ವೇಷ ಎಂದು ತಿಳಿಯುತ್ತದೆ. ಆಳಿಗೆ ಎರಡು ನಾಲಿಗೆ ಇದೆ, ಒಂದು ಒಳಗಿನವನಿಗೆ, ಒಂದು ತನ್ನವರಿಗೆ. 'ನಿಂಗೆ ಹೆಸ್ರಿಲ್ವಾ' ಎಂಬ ಮಾತು ಮೊದಲ ತುಣುಕಿನಲ್ಲಿ ಯಜಮಾನನ ಚಾಟಿ. ಎರಡನೆಯದರಲ್ಲಿ ಅದು ಹೆಂಡತಿಯ ಬಾಯಿಗೆ ಬಂದು ಬೇರೆಯೇ ಮಾತಾಯಿತು. ನಿರೂಪಕನಿಗೆ ಇಲ್ಲಿ ಕೆಲಸವೇ ಇಲ್ಲ. ಪಿಸುಮಾತು ರೇಡಿಯೋಗೆ ಸಿಕ್ಕ ದೊಡ್ಡ ವರ. ರಂಗದ ಮೇಲೆ ಪಿಸುಗುಟ್ಟಿದರೆ ಹಿಂದಿನ ಸಾಲಿಗೆ ಕೇಳುವುದಿಲ್ಲ, ರೇಡಿಯೋದಲ್ಲಿ ಅದು ಕಿವಿಯ ಒಳಗೇ ಆಡಿದ ಹಾಗೆ. ಈ ವರವನ್ನು ಇಷ್ಟು ದಿನ ಪ್ರೇಮಿಗಳಿಗೆ, ರಾಜರಿಗೆ, ಸಂಚು ಮಾಡುವ ಮಂತ್ರಿಗಳಿಗೆ ಹಂಚಿ ಮುಗಿಸಿದರು.

'ಬುದ್ದೀ' ಅನ್ನುವುದನ್ನು ಪೂರ್ತಿ ಕಿತ್ತು ಹಾಕಬೇಕು ಎಂದು ನಮ್ಮಲ್ಲೇ ಕೆಲವರು ವಾದ ಮಾಡುತ್ತಾರೆ. ಹೋರಾಟದ ಕತೆಯಲ್ಲಿ ಆ ಪದ ಯಾಕೆ, ಹೊಸ ಹುಡುಗರು ಅದನ್ನು ಕೇಳಿ ಕಲಿಯಬೇಕೇ ಎನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೂ ನಾವು ಒಪ್ಪುವುದಿಲ್ಲ. ಕಿತ್ತು ಹಾಕಿದರೆ ಯಜಮಾನ ನಿರಾಳವಾಗುತ್ತಾನೆ, ತನ್ನೂರಿನಲ್ಲಿ ಅಂಥದ್ದೇನೂ ನಡೆದೇ ಇಲ್ಲ ಅನ್ನುತ್ತಾನೆ.

ದುರ್ಗದ ಮೇಲಿನ ಕತೆಗಳನ್ನೇ ತೆಗೆದುಕೊಳ್ಳಿ. ತುಮಕೂರಿನಿಂದ ದುರ್ಗಕ್ಕೆ ಹೋಗುವ ದಾರಿಯಲ್ಲಿ ನಾಮದ ಚಿಲುಮೆ ಇದೆ. ವನವಾಸದಲ್ಲಿದ್ದ ರಾಮ ನಾಮ ಇಟ್ಟುಕೊಳ್ಳಲು ನೀರು ಬೇಕೆಂದು ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಎಂಬುದು ಸ್ಥಳಪುರಾಣ. ಇದನ್ನು ಬಾನುಲಿ ರೂಪಕ ಮಾಡಲು ಕೂತವರ ಕೈ ಹೇಗೆ ಓಡುತ್ತದೆ ಎಂದು ನಾವು ಊಹಿಸಬಲ್ಲೆವು. 'ತ್ರೇತಾಯುಗದಲ್ಲಿ' ಎಂದು ನಿರೂಪಕ, ವೀಣೆ, ಹಕ್ಕಿಯ ಸದ್ದು. ರಾಮನದೊಂದು ಮಾತು, ಲಕ್ಷ್ಮಣನದೊಂದು ಮಾತು. ಬಾಣದ ಸದ್ದು, ನೀರಿನ ಸದ್ದು, ಮಂಗಳ. ಆ ಕಾಡಿನಲ್ಲಿ ಅದಕ್ಕೆ ಮೊದಲು ಯಾರೂ ಬಾಯಾರಿರಲಿಲ್ಲವೇ? ಅವರು ನೀರು ಕುಡಿಯುತ್ತಿದ್ದದ್ದು ಎಲ್ಲಿ? ರೂಪಕದಲ್ಲಿ ಅವರಿಗೆ ಒಂದು ಕೆಮ್ಮು ಕೂಡ ಇರುವುದಿಲ್ಲ. ಇದೇ ಕತೆಯನ್ನು ಹೂಂಗುಟ್ಟುವವರ ನಡುವೆ ಹೇಳಿ ನೋಡಿ. 'ಬಾಣ ಬುಟ್ಟು ನೀರು ತಗುದ್ರು, ಸರಿ. ಆಮ್ಯಾಕೆ ಆ ನೀರ ಸೇದಕ್ಕೆ ಯಾರ್ ಯಾರ್ನ ಬುಟ್ರು?' ಎಂಬ ಪ್ರಶ್ನೆ ಬಂದೇ ಬರುತ್ತದೆ, ಕೇಳುವವರು ಕಾಲೋನಿಯವರಾದರೆ. ಶಿಂಷಾ, ಜಯಮಂಗಲಿ ಎರಡು ಹೊಳೆ ಹುಟ್ಟುವ ಬೆಟ್ಟ ಇದು. ಅದರ ಬುಡದಲ್ಲಿ ಕೊಡ ಕೆಳಗಿಟ್ಟು, ಬಾವಿಯಿಂದ ದೂರ ನಿಂತು, ಯಾರಾದರೂ ಮೇಲಿಂದ ಸುರಿಯಲಿ ಎಂದು ಕಾದವರ ಮೊಮ್ಮಕ್ಕಳು ಈಗಲೂ ಇದ್ದಾರೆ. ಹೂಂ ಇದ್ದ ಕಡೆ ಈ ಪ್ರಶ್ನೆಗೆ ಜಾಗ ಇತ್ತು. ಹೂಂ ಹೋದ ಕಡೆ ವೀಣೆ ಬಂತು.

ದುರ್ಗದ ಹೆಸರಿನ ಕತೆಯೂ ಇಂಥದ್ದೇ. ಗೆಜೆಟಿಯರಿನ ಪ್ರಕಾರ ಇದು ಮೊದಲು ಆನೆಬಿದ್ದಸರಿ, ಆಮೇಲೆ ಜಡಕ ಎಂಬವನ ಕೈಯಲ್ಲಿದ್ದಾಗ ಜಡಕನ ದುರ್ಗ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಗೆದ್ದವನ ಹೆಸರು ಬೆಟ್ಟದ ಮೇಲೆ ಕೂತಿತು. ಜಡಕನ ಕತೆ ಬರೆಯುತ್ತೇನೆಂದು ಹೊರಟವರು ಅವನಿಗೆ ಯಾವ ಕನ್ನಡ ಕೊಡುತ್ತಾರೆ ಎಂಬುದನ್ನು ನಾವು ಕಾದು ನೋಡುತ್ತೇವೆ. ಒಡೆಯರಿಗೆ ಹಳಗನ್ನಡದ ವಾಸನೆಯ ಗತ್ತು, ಜಡಕನಿಗೆ 'ಹಹ್ಹಹ್ಹಾ' ಎಂಬ ಕಳ್ಳನ ನಗೆ ಕೊಟ್ಟರೆ ಯುದ್ಧವನ್ನು ಮತ್ತೊಮ್ಮೆ ಗೆದ್ದ ಹಾಗೆ.

ಹಾಗಾದರೆ ನಿರೂಪಕನೇ ಬೇಡವೇ? ಬೇಕು. ಆದರೆ ಅವನು ಎಲ್ಲಿಯವನು ಎಂಬುದು ಕೇಳಿಸಬೇಕು. ಡೈಲನ್ ಥಾಮಸ್ ಎಂಬ ಕವಿ ರೇಡಿಯೋಗೆಂದೇ ಬರೆದು 1954ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾದ 'ಅಂಡರ್ ಮಿಲ್ಕ್ ವುಡ್'ನಲ್ಲಿ ಮೊದಲನೆಯ ದನಿ, ಎರಡನೆಯ ದನಿ ಎಂದು ಇಬ್ಬರು ನಿರೂಪಕರಿದ್ದಾರೆ. ವೇಲ್ಸಿನ ಒಂದು ಸಣ್ಣ ಊರಿನ ಕನಸುಗಳ ಒಳಕ್ಕೆ ಅವರು ಇಳಿಯುತ್ತಾರೆ. ಮಾತು ಸೊಗಸು, ಊರಿನವರ ಮೇಲೆ ಪ್ರೀತಿಯೂ ಇದೆ. ಆದರೂ ಆ ಮೊದಲನೆಯ ದನಿ ಊರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು ನೋಡುತ್ತದೆ ಎಂದೇ ನಮಗೆ ಅನ್ನಿಸುತ್ತದೆ. ಗಿರೀಶ ಕಾರ್ನಾಡರು 1997ರಲ್ಲಿ ಬಿಬಿಸಿಗಾಗಿ ಬರೆದ ಟಿಪ್ಪುವಿನ ನಾಟಕ (ಕನ್ನಡದಲ್ಲಿ 'ಟಿಪುವಿನ ಕನಸುಗಳು') ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಕತೆಯನ್ನು ಹಿಡಿದು ನಡೆಸುವವರು ಚರಿತ್ರೆಕಾರ ಕಿರ್ಮಾನಿ ಮತ್ತು ಕಂಪನಿಯ ಮೆಕೆಂಜಿ. ಒಬ್ಬ ಟಿಪ್ಪುವಿನ ಉಪ್ಪು ತಿಂದವನು, ಇನ್ನೊಬ್ಬ ಗೆದ್ದವರ ಕಡೆಯವನು. ನಿರೂಪಣೆಯೇ ಒಂದು ಜಗಳ. ಯಾರ ಮಾತನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಇದು ದೊಡ್ಡ ಪಾಠ. ಅರಮನೆಯ ಕತೆಯಾದ್ದರಿಂದ ಜಗಳ ಅರಮನೆಯ ಆಸುಪಾಸಿನಲ್ಲೇ ಉಳಿಯಿತು ಎಂಬುದು ನಮ್ಮ ತಕರಾರು, ಅಷ್ಟೆ.

ಬರಹದಲ್ಲಿ ಈ ಕೆಲಸವನ್ನು ದೇವನೂರ ಮಹಾದೇವ ಮಾಡಿ ತೋರಿಸಿದ್ದಾರೆ. 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜ ಹುಡುಕುವಾಗ ಅವಳ ಮಾತು ಯಾರನ್ನೂ ನಗಿಸಲು ಬಂದದ್ದಲ್ಲ, ಆ ಮಾತೇ ಅವಳು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 'ಕುಸುಮಬಾಲೆ'ಯಲ್ಲಿ ಕತೆ ಹೇಳುವ ದನಿಯೇ ನಂಜನಗೂಡು ಸೀಮೆಯ ಆಡುಮಾತಿಗೆ ಇಳಿಯಿತು, ರಾತ್ರಿ ಜೋತಮ್ಮಗಳು ಕೂಡಿ ಮಾತಾಡಿದವು. ಅರ್ಥವಾಗುವುದಿಲ್ಲ ಎಂದು ಮೂಗು ಮುರಿದವರು ಅದನ್ನು ಕಣ್ಣಲ್ಲಿ ಓದಿದವರು. ಜೋರಾಗಿ ಓದಿಸಿ ಕೇಳಿ ನೋಡಿ, ಅರ್ಧ ಕಷ್ಟ ಅಲ್ಲೇ ಕರಗುತ್ತದೆ. ಬಾನುಲಿಗೆ ಬರೆಯುವ ಗೆಳೆಯರಿಗೆ ನಮ್ಮ ಮೊದಲ ಸಲಹೆ ಇದೇ: ನಿರೂಪಕನ ಬಾಯಲ್ಲೂ 'ಐತೆ' ಬರಲಿ.

ಇನ್ನೊಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಅಂಗಳಕ್ಕೂ ಒಂದು ಅಂಗಳ ಇದೆ. ಮಾದಿಗರ ಕೇರಿಯಲ್ಲಿ ಜಾಂಬವ ಪುರಾಣ ಹೇಳುತ್ತ ಬಂದ ದಕ್ಕಲಿಗರನ್ನು ಕೇರಿ ತನ್ನ ಹೊರಗೇ ಇಟ್ಟಿತು. ನಮ್ಮ ಕತೆ ಹೇಳುವವನಿಗೇ ನಮ್ಮ ಮನೆಯಲ್ಲಿ ಜಗಲಿ ಇಲ್ಲ! ತುಮಕೂರಿನಲ್ಲಿ ನಮ್ಮ ನಡುವೆಯೇ ಬಾಳಿ 2019ರಲ್ಲಿ ತೀರಿಕೊಂಡ ಕೆ.ಬಿ. ಸಿದ್ದಯ್ಯನವರು ಆ ದಕ್ಕಲರ ದನಿಯನ್ನು ಕಾವ್ಯಕ್ಕೆ ತಂದರು. ಆ ಕಾವ್ಯ ನೆನೆದಾಗಲೆಲ್ಲ ನಮ್ಮ ಹಸ್ತಪ್ರತಿಗಳಲ್ಲಿ ದಕ್ಕಲಿಗ ಎಲ್ಲಿದ್ದಾನೆ, ಎಷ್ಟು ದೂರದಲ್ಲಿದ್ದಾನೆ ಎಂದು ಮುಜುಗರವಾಗುತ್ತದೆ. ಹೆಣ್ಣುಮಕ್ಕಳ ಮಾತಂತೂ ಬೇರೆ ಹೇಳಬೇಕಿಲ್ಲ. ಬಂದ ಕತೆಗಳಲ್ಲಿ ಅವರು ಅತ್ತದ್ದೇ ಹೆಚ್ಚು.

ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಸಮುದಾಯ ಬಾನುಲಿಗೆ 2006ರಲ್ಲಿ ಸಂಘಸಂಸ್ಥೆಗಳಿಗೂ ಅವಕಾಶ ತೆರೆಯಿತು. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಲೈಸೆನ್ಸು ಸಿಗದೆ ತಂತಿಯ ಮೂಲಕವೇ 'ನಮ್ಮ ಧ್ವನಿ'ಯನ್ನು ಮನೆಗಳಿಗೆ ಮುಟ್ಟಿಸಿದರು. ತೆಲಂಗಾಣದ ಮಾಚನೂರಿನಲ್ಲಿ 2008ರಲ್ಲಿ ಶುರುವಾದ ಸಂಘಂ ರೇಡಿಯೋವನ್ನು ದಲಿತ ಹೆಣ್ಣುಮಕ್ಕಳೇ ನಡೆಸಿದರು. ಮೈಕನ್ನು ಹೊಲಕ್ಕೆ, ಮನೆಗೆ ಹೊತ್ತುಕೊಂಡು ಹೋಗಿ ದನಿ ತುಂಬಿಕೊಂಡು ಬಂದರು. ಅಲ್ಲಿ ದೂರದಿಂದ ಕೂಗಬೇಕಾದ ಪಾತ್ರವನ್ನು ಹುಡುಕಿಯೇ ತರಬೇಕು. ಈಗಂತೂ ಪ್ರತಿ ಹುಡುಗನ ಜೇಬಿನಲ್ಲೂ ದನಿ ಹಿಡಿಯುವ ಫೋನಿದೆ. ಹಾಗಾಗಿ ನಮ್ಮ ಗೆಳೆಯರು ನಿಲಯದವರು ಒಪ್ಪಲಿಲ್ಲ ಎಂಬ ಸಬೂಬನ್ನು ಇನ್ನು ಹೇಳುವ ಹಾಗಿಲ್ಲ.

ಕೂಲಿಯ ಕತೆ ಬರೆದಿದ್ದ ಗುಬ್ಬಿ ಕಡೆಯ ಮೇಷ್ಟ್ರಿಗೆ ನಾವು ಈ ಎರಡು ತುಣುಕುಗಳನ್ನು ಓದಿ ಹೇಳಿದೆವು. ಅವರು ಸುಮ್ಮನೆ ಕೇಳಿಸಿಕೊಂಡು ಹೋದರು. ಹದಿನೈದು ದಿನ ಬಿಟ್ಟು ಕತೆಯನ್ನು ಮತ್ತೆ ಬರೆದು ತಂದರು. ಮೈಕು ಅಂಗಳಕ್ಕೆ ಬಂದಿದೆ, ನಿರೂಪಕ ಹೋಗಿ ಅವನ ಜಾಗದಲ್ಲಿ ಹೂಂಗುಟ್ಟುವ ಒಂದು ಮಗು ಬಂದಿದೆ, ಹೆಂಡತಿಗೆ ಹನ್ನೊಂದು ಮಾತುಗಳಿವೆ. ಕಾಸು ಎಸೆದು ಬಾಗಿಲು ಹಾಕಿಕೊಳ್ಳುವ ಯಜಮಾನನ ಬೈಗುಳದಲ್ಲಿ ಕತೆ ಮುಗಿಯುತ್ತದೆ. 'ಕೊನೇ ಮಾತು ಇನ್ನೂ ಅವನ್ದೇ ಆಯ್ತಲ್ಲ ಮೇಷ್ಟ್ರೇ' ಎಂದೆವು. ಅವರು ತಲೆ ಕೆರೆದುಕೊಂಡರು. 'ಬಾಗ್ಲಾಕಿದ್ ಮೇಲೆ ಇವ್ರು ಮನೆತಂಕ ನಡ್ಕಂಡು ಹೋಗ್ಬೇಕಲ್ಲ, ಅದುನ್ನ ಬರ್ದಿಲ್ಲ' ಎಂದು ಕಾಗದ ವಾಪಸ್ಸು ತೆಗೆದುಕೊಂಡರು.